ಮುಧೋಳವೋ ಬೀಗಲ್ಲೋ: ಮನೆಯ ಅಳತೆಗಿಂತ ಮೊದಲು ನಾಯಿಯ ಕಸುಬು ನೋಡಿ

‘ಮೇಡಂ, ನಮ್ಮದು ಎರಡು ಬೆಡ್‌ರೂಮಿನ ಫ್ಲ್ಯಾಟ್. ಬೀಗಲ್ ತರೋಣವೋ, ಮುಧೋಳ ತರೋಣವೋ?’ ವಿಜಯನಗರದ ನನ್ನ ಕ್ಲಿನಿಕ್ಕಿಗೆ ಬಂದು ಹೀಗೆ ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಕೇಳುವಾಗಲೇ ಅವರ ಮನಸ್ಸಿನಲ್ಲಿ ಅರ್ಧ ಉತ್ತರ ಸಿದ್ಧವಾಗಿರುತ್ತದೆ. ಬೀಗಲ್ ಸಣ್ಣದು, ಅದು ಫ್ಲ್ಯಾಟಿಗೆ. ಮುಧೋಳ ದೊಡ್ಡದು, ಅದು ತೋಟದ ಮನೆಗೆ. ಈ ಅಳತೆಗೋಲನ್ನು ನಾನು ಒಪ್ಪುವುದಿಲ್ಲ. ಅಕ್ಕಪಕ್ಕದವರ ದೂರು ಜಾಸ್ತಿಯಾಗಿ, ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನಿಂದ ನೋಟಿಸ್ ಬಂದು, ‘ಯಾರಿಗಾದರೂ ಕೊಡಿಸಿಬಿಡಿ ಡಾಕ್ಟ್ರೇ’ ಎಂದು ನನ್ನ ಮುಂದೆ ತಂದು ನಿಲ್ಲಿಸುವ ನಾಯಿಗಳಲ್ಲಿ ಬೀಗಲ್‌ಗಳೇ ಹೆಚ್ಚು.

ಎರಡೂ ಬೇಟೆಯ ನಾಯಿಗಳೇ. ಎರಡನ್ನೂ ಮನುಷ್ಯ ಮೊಲದ ಬೆನ್ನು ಹತ್ತಿಸಲೆಂದೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದು. ಆದರೆ ಒಂದು ಕಣ್ಣಿನಿಂದ ಬೇಟೆಯಾಡುತ್ತದೆ, ಇನ್ನೊಂದು ಮೂಗಿನಿಂದ. ಮುಧೋಳ ಬಯಲಿನಲ್ಲಿ ಅಲುಗಿದ್ದನ್ನು ದೂರದಿಂದಲೇ ಕಂಡು, ಸದ್ದಿಲ್ಲದೆ ಓಡಿ ಹಿಡಿಯುವ ನಾಯಿ. ಬೀಗಲ್ ನೆಲಕ್ಕೆ ಮೂಗಿಟ್ಟು, ಗುಂಪಿನಲ್ಲಿ, ಗಂಟಲು ಬಿಟ್ಟು ಕೂಗುತ್ತ ವಾಸನೆಯ ಜಾಡು ಹಿಡಿಯುವ ನಾಯಿ. ಇಂಗ್ಲೆಂಡಿನಲ್ಲಿ ಬೇಟೆಗಾರರು ಕುದುರೆಯಿಲ್ಲದೆ ಕಾಲ್ನಡಿಗೆಯಲ್ಲೇ ಅದರ ಹಿಂದೆ ಹೋಗುತ್ತಿದ್ದರು. ನಾಯಿ ಪೊದೆಯಲ್ಲಿ ಮರೆಯಾದರೂ ಎಲ್ಲಿದೆಯೆಂದು ಗೊತ್ತಾಗಲು ಅದರ ಕೂಗೇ ಆಧಾರ. ಬಾಲದ ತುದಿ ಬೆಳ್ಳಗಿರುವುದನ್ನು ಉಳಿಸಿಕೊಂಡು ಬಂದಿದ್ದೂ ಎತ್ತರದ ಹುಲ್ಲಿನಲ್ಲಿ ಕಾಣಲೆಂದೇ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ: ಯಾವುದು ಕೂಗುತ್ತದೆ, ಯಾವುದು ಓಡಿಹೋಗುತ್ತದೆ, ಯಾವುದಕ್ಕೆ ಒಂಟಿತನ ತಡೆಯುವುದಿಲ್ಲ.

ನನ್ನ ತವರು ಲೋಕಾಪುರದ ಹತ್ತಿರ, ಮುಧೋಳ ತಾಲ್ಲೂಕು. ನಮ್ಮ ಕಾಕಾನ ಕಬ್ಬಿನ ಹೊಲದಲ್ಲಿ ಯಾವಾಗಲೂ ಒಂದೆರಡು ಮುಧೋಳ ನಾಯಿ ಇರುತ್ತಿದ್ದವು, ಹಂದಿ ಕಾಯಲು. ಜೋಳದ ರೊಟ್ಟಿ ಮುರಿದು ಹಾಲಿಗೆ ಹಾಕಿ ಕಲಸಿದ್ದು, ಆಗೀಗ ಒಂದು ತತ್ತಿ, ಅದೇ ಅವುಗಳ ಊಟ. ಹಗಲೆಲ್ಲ ಬೇವಿನ ನೆರಳಿನಲ್ಲಿ ಕಾಲು ಚಾಚಿ ಮಲಗಿರುತ್ತಿದ್ದವು. ಯಾರಾದರೂ ಹೊಸಬರು ಬಂದರೆ ಎದ್ದು ನಿಂತು ನೋಡುತ್ತಿದ್ದವು, ಬೊಗಳುತ್ತಿದ್ದುದು ಅಪರೂಪ. ಕಾಕಾ ಹೇಳುತ್ತಿದ್ದ ಮಾತು ನನಗೆ ಈಗಲೂ ನೆನಪಿದೆ: ‘ಇದಕ್ಕ ತುಪ್ಪ ಬ್ಯಾಡವಾ, ಮುಂಜಾನೆ ಒಮ್ಮಿ, ಸಂಜೀಕ ಒಮ್ಮಿ ಓಡಾಕ ಬಿಡು, ಉಳದದ್ದು ಹೊತ್ತು ಮನ್ಯಾಗ ಐತೋ ಇಲ್ಲೋ ಗೊತ್ತಾಗಂಗಿಲ್ಲ.’ ಪಶುವೈದ್ಯಕೀಯ ಓದಿ ಬಾಗಲಕೋಟೆ ಜಿಲ್ಲೆಯಲ್ಲೇ ಬಹಳ ಕಾಲ ನೌಕರಿ ಮಾಡಿದ ಮೇಲೂ ಈ ತಳಿಯ ಬಗ್ಗೆ ಇದಕ್ಕಿಂತ ಉಪಯೋಗದ ಮಾತನ್ನು ನಾನು ಕೇಳಿಲ್ಲ.

ಗಂಡು ಮುಧೋಳ ಭುಜದ ಹತ್ತಿರ 70 ಸೆಂ.ಮೀ. ಆಸುಪಾಸು ಎತ್ತರ, ಆದರೆ ತೂಕ ಇಪ್ಪತ್ತೈದು ಕೆ.ಜಿ. ಸುತ್ತಮುತ್ತ ಅಷ್ಟೇ. ಪಕ್ಕೆಲುಬು ಕಾಣುವ ಮೈ ಕಂಡು ‘ಊಟ ಹಾಕಲ್ವಾ?’ ಎಂದು ದಾರಿಯಲ್ಲಿ ಹೋಗುವವರೆಲ್ಲ ಕೇಳುತ್ತಾರೆ. ಆ ಮೈಯೇ ಅದರ ಆರೋಗ್ಯ. ಎರಡು ಪಕ್ಕೆಲುಬು ಕಂಡರೆ ಸರಿಯಾಗಿದೆ ಎಂದರ್ಥ. ಈ ತಳಿಯನ್ನು ಬೇಡರ ಕೈಯಲ್ಲಿ ಕಂಡು ಅರಮನೆಯಲ್ಲಿ ಬೆಳೆಸಿದವರು ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ. ಅವರು ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಉಡುಗೊರೆ ಕೊಟ್ಟ ಮೇಲೆ ಊರಿನ ಹೆಸರೇ ನಾಯಿಗೆ ನಿಂತಿತು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಚೀಟಿ ತಂದಿತು. ಮುಂದೆ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ಮರಿಗಳು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೂ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ದೇಸಿ ನಾಯಿಗಳ ಹೆಸರು ಹೇಳಿದಾಗ ಮುಧೋಳವೂ ಅವುಗಳಲ್ಲಿತ್ತು. ನಮ್ಮೂರಿನ ನಾಯಿಗೆ ಸಿಕ್ಕ ಈ ಮರ್ಯಾದೆ ನನಗೆ ಹೆಮ್ಮೆಯ ವಿಷಯ. ಆದರೆ ಹೆಮ್ಮೆಗೆಂದು ಮರಿ ತಂದು, ಆರು ತಿಂಗಳಾದ ಮೇಲೆ ಬಾಲ್ಕನಿಗೆ ಸರಪಳಿ ಹಾಕಿ ಕಟ್ಟಿದವರನ್ನು ನೋಡಿದಾಗ ಸಂಕಟವಾಗುತ್ತದೆ.

ಮುಧೋಳ ಸೂಕ್ಷ್ಮದ ನಾಯಿ. ಗದರಿದರೆ ಮೂಲೆ ಸೇರುತ್ತದೆ, ಒಂದು ಏಟು ಬಿದ್ದರೆ ವಾರಗಟ್ಟಲೆ ನಿಮ್ಮ ಕೈ ನಂಬುವುದಿಲ್ಲ. ಮನೆಯ ಒಬ್ಬಿಬ್ಬರನ್ನು ತುಂಬ ಹಚ್ಚಿಕೊಳ್ಳುತ್ತದೆ, ಹೊರಗಿನವರು ಮೈ ಮುಟ್ಟಿದರೆ ಹಿಂದೆ ಸರಿಯುತ್ತದೆ. ಮನೆ ತುಂಬ ನೆಂಟರು, ಬಂದವರೆಲ್ಲ ಮುದ್ದು ಮಾಡಬೇಕು, ಮಕ್ಕಳು ಮೈಮೇಲೆ ಬಿದ್ದು ಆಡಬೇಕು ಎನ್ನುವವರಿಗೆ ಇದು ಒಗ್ಗುವುದಿಲ್ಲ. ಬೆಕ್ಕು, ಕೋಳಿ, ಮೇಕೆಮರಿ ಕಣ್ಣೆದುರು ಓಡಿದರೆ ಅದನ್ನು ಕರೆದು ನಿಲ್ಲಿಸುವುದು ಕಷ್ಟ. ನಿಮಿಷದೊಳಗೆ ಅರ್ಧ ಕಿಲೋಮೀಟರ್ ದಾಟಿರುತ್ತದೆ. ಆದ್ದರಿಂದ ಬೇಲಿಯಿಲ್ಲದ ಕಡೆ ಹಗ್ಗ ಬಿಚ್ಚಬಾರದು. ಇನ್ನೊಂದು ಮಾತು, ಅಂಗಡಿಯವರು ಇದನ್ನು ಹೇಳುವುದಿಲ್ಲ: ಇದರ ತಲೆ ಕೊರಳಿಗಿಂತ ಸಪೂರ. ಮಾಮೂಲು ಪಟ್ಟಿ ಹಾಕಿದರೆ ಹಿಂದಕ್ಕೆ ಎಳೆದುಕೊಂಡು ಸಲೀಸಾಗಿ ಕಳಚಿಕೊಳ್ಳುತ್ತದೆ. ಎಳೆದರೆ ಹದವಾಗಿ ಬಿಗಿಯಾಗುವ ಅಗಲದ ಪಟ್ಟಿಯೇ ಬೇಕು. ಮೈಮೇಲೆ ಕೊಬ್ಬಿಲ್ಲ, ಕೂದಲೂ ಗಿಡ್ಡ. ಡಿಸೆಂಬರಿನ ಬೆಂಗಳೂರಿನಲ್ಲಿ ಟೈಲ್ಸ್ ನೆಲದ ಮೇಲೆ ಮಲಗಿಸಿದರೆ ನಡುಗುತ್ತದೆ, ಮೊಣಕೈ ಗಂಟು ಕಟ್ಟುತ್ತದೆ. ದಪ್ಪನೆಯ ಹಾಸಿಗೆ ಕೊಡಿ.

ವೈದ್ಯೆಯಾಗಿ ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಕಣ್ಣಿನಿಂದ ಬೇಟೆಯಾಡುವ ಈ ವರ್ಗದ ನಾಯಿಗಳಿಗೆ ಅರಿವಳಿಕೆ ಕೊಡುವಾಗ ಹೆಚ್ಚು ಜಾಗ್ರತೆ ಬೇಕು. ಥಯೋಪೆಂಟಾಲ್‌ನಂಥ ಔಷಧಿಗಳು ಇವುಗಳ ಮೈಯಿಂದ ಬೇಗ ಇಳಿಯುವುದಿಲ್ಲ, ಎಚ್ಚರವಾಗಲು ತಡವಾಗುತ್ತದೆ. ಸಂತಾನಹರಣ ಚಿಕಿತ್ಸೆಗೆ ಕರೆದುಕೊಂಡು ಹೋದಾಗ ‘ಇದು ಮುಧೋಳ’ ಎಂದು ಬಾಯಿಬಿಟ್ಟು ಹೇಳಿ. ರಕ್ತಪರೀಕ್ಷೆಯಲ್ಲೂ ಹಾಗೇ. ಗ್ರೇಹೌಂಡ್‌ನಂಥ ನಾಯಿಗಳಲ್ಲಿ ಆರೋಗ್ಯವಿದ್ದಾಗಲೂ ಪ್ಲೇಟ್‌ಲೆಟ್ ಕಡಿಮೆ, ಕೆಂಪು ರಕ್ತಕಣ ಜಾಸ್ತಿ ಇರುವುದುಂಟು. ಉಣ್ಣೆ ಜ್ವರ ಹೆಚ್ಚಿರುವ ನಮ್ಮ ಊರುಗಳಲ್ಲಿ ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ನೋಡಿ ಚಿಕಿತ್ಸೆ ಶುರುಮಾಡಿದರೆ ಇಲ್ಲದ ಕಾಯಿಲೆಗೆ ಔಷಧಿ ಕೊಟ್ಟಂತಾಗಬಹುದು. ನಾಯಿ ಚೆನ್ನಾಗಿರುವಾಗಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಆ ಚೀಟಿ ಇಟ್ಟುಕೊಳ್ಳಿ. ಮುಂದೆ ಹೋಲಿಸಿ ನೋಡಲು ಬರುತ್ತದೆ.

ಇನ್ನು ಬೀಗಲ್. ಎತ್ತರ ಹೆಚ್ಚೆಂದರೆ 41 ಸೆಂ.ಮೀ., ತೂಕ ಒಂಬತ್ತರಿಂದ ಹನ್ನೊಂದು ಕೆ.ಜಿ. ಆದರೆ ನನ್ನ ಟೇಬಲ್ ಮೇಲೆ ಬರುವ ಬೀಗಲ್‌ಗಳು ಹದಿನೈದು, ಹದಿನೇಳು ತೂಗುತ್ತವೆ. ಬೆಳಿಗ್ಗೆ ಅಜ್ಜನ ಬಿಸ್ಕತ್ತು, ಮಧ್ಯಾಹ್ನ ಅಜ್ಜಿಯ ಚಪಾತಿ, ಸಂಜೆ ಮಗುವಿನ ತಟ್ಟೆಯಲ್ಲಿ ಉಳಿದದ್ದು. ಎಲ್ಲರ ಮುಂದೆಯೂ ಹಸಿದ ಮುಖ ಮಾಡಿ ನಿಲ್ಲುವುದು ಅದಕ್ಕೆ ಗೊತ್ತು. ಮೂಗೇ ಅದರ ಜೀವವಾದ್ದರಿಂದ ಡಬ್ಬಿ, ಚೀಲ, ಕಸದ ಬುಟ್ಟಿ ಯಾವುದೂ ಅದರಿಂದ ಸುರಕ್ಷಿತವಲ್ಲ. ಪಾಯಸಕ್ಕೆಂದು ತೆಗೆದಿಟ್ಟ ಒಣದ್ರಾಕ್ಷಿ ತಿಂದು ಮೂತ್ರಪಿಂಡಕ್ಕೆ ಪೆಟ್ಟು ಮಾಡಿಕೊಂಡ ನಾಯಿಗಳಿಗೆ ಚಿಕಿತ್ಸೆ ಕೊಟ್ಟಿದ್ದೇನೆ. ನಾಯಿಗೆ ದ್ರಾಕ್ಷಿ ವಿಷ ಎಂಬುದು ಇನ್ನೂ ಎಷ್ಟೋ ಮನೆಗಳಿಗೆ ತಿಳಿದಿಲ್ಲ. ಜೋತುಬಿದ್ದ ಕಿವಿಯೊಳಗೆ ಗಾಳಿಯಾಡದೆ ಮಳೆಗಾಲದಲ್ಲಿ ಸೋಂಕು ಮರುಕಳಿಸುತ್ತದೆ. ವಾರಕ್ಕೊಮ್ಮೆ ಕಿವಿ ಮಗುಚಿ ನೋಡಬೇಕು.

ಅದರ ಕೂಗಿನ ವಿಷಯವನ್ನು ಮಾರುವವರು ಮರೆಮಾಚುತ್ತಾರೆ. ಬೀಗಲ್ ಬೊಗಳುತ್ತದೆ, ಊಳಿಡುತ್ತದೆ, ಇವೆರಡರ ನಡುವಿನ ಉದ್ದನೆಯ ಒಂದು ಕೂಗೂ ಇದೆ. ಮೈಲಿ ದೂರದ ಬೇಟೆಗಾರನಿಗೆ ಕೇಳಿಸಲೆಂದು ಬೆಳೆಸಿದ ಗಂಟಲು ಅದು. ಪಕ್ಕದ ಫ್ಲ್ಯಾಟಿನವರಿಗೆ ಕೇಳಿಸದೇ ಇರುತ್ತದೆಯೇ? ಅದು ಗುಂಪಿನ ನಾಯಿ ಬೇರೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವ ಮನೆಯಲ್ಲಿ ಬೀಗಲ್ ಹಗಲಿಡೀ ಅಳುತ್ತದೆ. ಅಪಾರ್ಟ್‌ಮೆಂಟ್‌ಗಳು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಕಾನೂನು ನಿಮ್ಮ ಕಡೆ ಇದ್ದರೂ ಅಳುವ ನಾಯಿಯ ಸಂಕಟ ಅದರಿಂದ ಕಡಿಮೆಯಾಗುವುದಿಲ್ಲ.

ಇಷ್ಟು ಹೇಳಿದೆನೆಂದು ಬೀಗಲ್ ನನಗೆ ಇಷ್ಟವಿಲ್ಲ ಎಂದುಕೊಳ್ಳಬೇಡಿ. ಮಕ್ಕಳ ಜೊತೆ ಅಷ್ಟು ತಾಳ್ಮೆಯ ನಾಯಿ ಸಿಗುವುದು ಅಪರೂಪ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ 1984ರಿಂದಲೂ ಪ್ರಯಾಣಿಕರ ಚೀಲಗಳಲ್ಲಿ ಹಣ್ಣು, ಮಾಂಸ ಪತ್ತೆ ಮಾಡುವ ಕೆಲಸಕ್ಕೆ ಬೀಗಲ್‌ಗಳಿವೆ. ಮೂಗು ಚುರುಕು ಎಂಬುದು ಒಂದು ಕಾರಣ, ಜನ ಅದನ್ನು ಕಂಡು ಹೆದರುವುದಿಲ್ಲ ಎಂಬುದು ಇನ್ನೊಂದು. ಅದರ ಈ ಸಾಧು ಸ್ವಭಾವವೇ ಅದಕ್ಕೆ ಶಾಪವೂ ಆಗಿದೆ. ನೋವು ಮಾಡಿದರೂ ಕಚ್ಚುವುದಿಲ್ಲವೆಂದು ಜಗತ್ತಿನ ಔಷಧ ಪ್ರಯೋಗಾಲಯಗಳು ನಾಯಿ ಬೇಕಾದಾಗ ಬೀಗಲ್ಲನ್ನೇ ಆರಿಸಿಕೊಂಡು ಬಂದಿವೆ. 2022ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಪ್ರಯೋಗಾಲಯಗಳಿಗೆ ನಾಯಿ ಬೆಳೆಸುತ್ತಿದ್ದ ಒಂದೇ ಕಡೆಯಿಂದ ಸುಮಾರು ನಾಲ್ಕು ಸಾವಿರ ಬೀಗಲ್‌ಗಳನ್ನು ಬಿಡಿಸಿ ತರಲಾಯಿತು. ಬೆಂಗಳೂರಿನಲ್ಲೂ ಪ್ರಯೋಗ ಮುಗಿದ ಬೀಗಲ್‌ಗಳನ್ನು ಕ್ಯೂಪಾ ಸಂಸ್ಥೆ ಪಡೆದು ಮನೆಗಳಿಗೆ ಕೊಟ್ಟಿದೆ. ಅಂಥ ಒಂದು ನಾಯಿ ನನ್ನ ಕ್ಲಿನಿಕ್ಕಿಗೆ ಬರುತ್ತಿತ್ತು. ಹುಲ್ಲಿನ ಮೇಲೆ ಕಾಲಿಡಲು ಅದಕ್ಕೆ ಗೊತ್ತಿರಲಿಲ್ಲ, ಮೆಟ್ಟಿಲು ಹತ್ತಲು ಬರುತ್ತಿರಲಿಲ್ಲ. ನಿವೃತ್ತ ಶಿಕ್ಷಕಿಯೊಬ್ಬರು ದಿನವಿಡೀ ಮನೆಯಲ್ಲಿ ಜೊತೆಗಿದ್ದು, ಸಂಜೆ ಪಾರ್ಕಿನಲ್ಲಿ ಅದರ ಮೂಗು ಎಳೆದ ಕಡೆ ನಿಧಾನಕ್ಕೆ ನಡೆದು, ಅದನ್ನು ಮತ್ತೆ ನಾಯಿಯಾಗಿಸಿದರು. ಬೀಗಲ್ಲಿಗೆ ಬೇಕಾದದ್ದು ಅದೇ: ಜೊತೆ ಮತ್ತು ಮೂಸಲು ಸಮಯ. ಅರ್ಧ ಗಂಟೆ ನಿಂತು ನಿಂತು ಮೂಸಿದರೆ ಅದರ ಮನಸ್ಸು ತಣಿಯುತ್ತದೆ. ವಾಕಿಂಗ್ ಬೇಗ ಮುಗಿಯಲಿ ಎಂದು ದರದರ ಎಳೆದುಕೊಂಡು ಹೋಗುವವರು ಅದರ ಪಾಲಿನ ದಿನವನ್ನೇ ಕಸಿದುಕೊಳ್ಳುತ್ತಾರೆ.

ಹಾಗಾದರೆ ಯಾವುದು? ನನ್ನನ್ನು ಕೇಳಿದರೆ, ಹಗಲು ಹೊತ್ತು ಮನೆಯಲ್ಲಿ ಯಾರಾದರೂ ಇರುವ, ಅಜ್ಜ ಅಜ್ಜಿ ಮೊಮ್ಮಕ್ಕಳ ಮನೆಗೆ ಬೀಗಲ್ ಸರಿ. ಊಟದ ವಿಷಯದಲ್ಲಿ ಎಲ್ಲರೂ ಒಂದೇ ಮಾತಿಗೆ ನಿಲ್ಲಬೇಕು ಅಷ್ಟೇ. ನಸುಕಿನಲ್ಲಿ ಎದ್ದು ಓಡುವ ಅಭ್ಯಾಸವಿರುವ, ಬೇಲಿ ಹಾಕಿದ ಮೈದಾನವೋ ಹೊಲವೋ ಕೈಗೆಟುಕುವ, ಗಲಾಟೆಯಿಲ್ಲದ ಮನೆಗೆ ಮುಧೋಳ. ಆ ಮನೆ ಫ್ಲ್ಯಾಟ್ ಆದರೂ ಅಡ್ಡಿಯಿಲ್ಲ. ಓಡಿ ದಣಿದು ಬಂದ ಮುಧೋಳ ಸೋಫಾದ ಪಕ್ಕ ಸುತ್ತಿಕೊಂಡು ಮಲಗಿದರೆ ಮಧ್ಯಾಹ್ನದವರೆಗೆ ಏಳುವುದಿಲ್ಲ. ಕರ್ನಾಟಕದ ಬಿಸಿಲು ಅದಕ್ಕೆ ಹೊಸದಲ್ಲ, ಊಟಕ್ಕೆ ದುಬಾರಿ ಚೀಲ ಬೇಕಿಲ್ಲ, ಕಾಯಿಲೆಯೂ ಕಡಿಮೆ. ಎರಡೂ ನಾಯಿಗೆ ಒಗ್ಗುವ ಮನೆಯವರು ಸಮ ಮನಸ್ಸಿನಲ್ಲಿ ನನ್ನ ಮುಂದೆ ಕೂತರೆ ನಾನು ಮುಧೋಳದ ಕಡೆಗೇ ವಾಲುತ್ತೇನೆ. ಆದರೆ ಹಗಲೆಲ್ಲ ಬೀಗ ಹಾಕಿದ ಮನೆಗೆ ಎರಡನ್ನೂ ಬೇಡ ಎನ್ನುತ್ತೇನೆ. ಅದನ್ನು ಕೇಳಿ ಮುನಿಸಿಕೊಂಡು ಎದ್ದು ಹೋದವರೂ ಇದ್ದಾರೆ.

ಹಳ್ಳಿಯ ಗೆಳೆಯರಿಗೂ ಒಂದು ಮಾತು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಿಂದಲೂ ಇದೆ, ನಾಯಿ ಬಿಟ್ಟು ಮೊಲ ಹಿಡಿಸುವುದು ಅಪರಾಧ. ನಾಯಿಯ ಓಟಕ್ಕೆ ಮೊಲವೇ ಬೇಕೆಂದಿಲ್ಲ. ಬೇಲಿಯೊಳಗೆ ಹಗ್ಗಕ್ಕೆ ಕಟ್ಟಿ ಎಳೆದ ಬಟ್ಟೆ ತುಂಡಿನ ಹಿಂದೆಯೂ ಅದು ಅಷ್ಟೇ ಖುಷಿಯಲ್ಲಿ ಓಡುತ್ತದೆ.

ಮರಿ ತರಲು ಹೊರಟಿದ್ದರೆ ಮೊದಲು ಅದರ ತಾಯಿಯನ್ನು ನೋಡಬೇಕೆಂದು ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು ಎಂದು 2017ರ ನಿಯಮ ಹೇಳುತ್ತದೆ. ನೋಂದಣಿ ಪತ್ರ ಕೇಳುವುದು ನಿಮ್ಮ ಹಕ್ಕು. ಮುಧೋಳ ಬೇಕಿದ್ದವರು ಸಂತೆಯಲ್ಲಿ, ಮೊಬೈಲಿನ ಜಾಹೀರಾತಿನಲ್ಲಿ ಹುಡುಕುವ ಮೊದಲು ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ತಿಮ್ಮಾಪುರ ಕೇಂದ್ರಕ್ಕೆ ಒಮ್ಮೆ ಹೋಗಿ, ಬೆಳೆದ ನಾಯಿ ಓಡುವುದನ್ನು ಕಣ್ಣಾರೆ ನೋಡಿ. ಬೀಗಲ್ ಬೇಕಿದ್ದವರು ದುಡ್ಡು ಕೊಡುವ ಮೊದಲು ನಗರದ ಪ್ರಾಣಿ ಆಶ್ರಯಗಳಲ್ಲಿ ವಿಚಾರಿಸಿ. ಯಾರೋ ಬೇಡವೆಂದು ಬಿಟ್ಟುಹೋದ ಬೀಗಲ್ ಒಂದಾದರೂ ಅಲ್ಲಿ ಇರುತ್ತದೆ.