ಬಾಬಾಸಾಹೇಬರ ಮೈಬಣ್ಣ ಯಾವ ಟ್ಯೂಬಿನಾಗ ಸಿಗತೈತಿ?

ಪೋಸ್ಟ್ ಉದ್ದ ಐತಿ, ಪುರಸೊತ್ತು ಮಾಡಿಕೊಂಡು ಓದ್ರಿ. ಜಯಂತಿ ಕಮಿಟಿಯಲ್ಲಿ ಇರುವವರು ಮಾತ್ರ ಅರ್ಧಕ್ಕೆ ಬಿಡಬ್ಯಾಡ್ರಿ.

ಹೋದ ರವಿವಾರ ನಮ್ಮ ಕೇರಿಯ ಸಮಾಜ ಮಂದಿರದಲ್ಲಿ ಏಪ್ರಿಲ್ 14ರ ತಯಾರಿ ಮೀಟಿಂಗ್ ಇತ್ತು. ಪಟ್ಟಿ ಎಷ್ಟು ಎತ್ತಬೇಕು, ಡಿಜೆ ಬೇಕೋ ಬ್ಯಾಡೋ, ಮೆರವಣಿಗೆ ಯಾವ ಓಣಿಯಿಂದ ಹೋಗಬೇಕು, ಎಂದಿನ ಜಗಳ ಎಲ್ಲಾ ಮುಗೀತು. ಆಮೇಲೆ ಡಿಗ್ರಿ ಓದುತ್ತಿರುವ ಒಬ್ಬ ಹುಡುಗ ಎದ್ದು ನಿಂತ. ಗೋಡೆಯ ಮೇಲಿನ ಬಾಬಾಸಾಹೇಬರ ಚಿತ್ರ ತೋರಿಸಿ ಹೇಳಿದ: "ಕಾಕಾ, ಈ ಫೋಟೋ ಭಾಳ ಹಳೇದ ಆಗೇತಿ. ಮಾರಿ ಬ್ಯಾರೆ ಕರ್ರಗ ಕಾಣತೈತಿ. ನಿಪ್ಪಾಣ್ಯಾಗ ಹೊಸಾ ಡಿಜಿಟಲ್ ಪ್ರಿಂಟ್ ಹೊಡಿಸೂಣು, ಮಸ್ತ್ ಫ್ರೆಶ್ ಬರತೈತಿ." ಮೊಬೈಲಿನಲ್ಲಿ ಡಿಸೈನನ್ನೂ ತೋರಿಸಿದ. ಗುಲಾಬಿ ಗಲ್ಲ, ಕೆಂಪು ತುಟಿ, ಹಾಲಿನಂಥ ಹಣೆ. ಕನ್ನಡಕ, ನೀಲಿ ಸೂಟು ಇರದಿದ್ದರೆ ಯಾವುದೋ ಸಿನಿಮಾ ಹೀರೋ ಅನ್ನಬೇಕು, ಹಂಗಿತ್ತು. ನಾಲ್ಕೈದು ಮಂದಿ ಹೂಂ ಅಂದರು.

ನನಗೆ ಸಿಟ್ಟು ಬಂತು. ಹುಡುಗನ ಮೇಲೆ ಅಲ್ಲ, ಅವನಿಗೆ ಗೊತ್ತಿಲ್ಲ. ಸಿಟ್ಟು ನನ್ನ ಮೇಲೇ. ಆ ಚಿತ್ರದ ಕಥೆ ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕುಂತವ ನಾನು.

ಮೊದಲನೇ ಮಾತು, ಅದು ಫೋಟೋ ಅಲ್ಲ. ಆಯಿಲ್ ಪೇಂಟಿಂಗ್. ನಮ್ಮ ಪೇಂಟರ್ ಕಾಕಾ ಮಾಂಜರಪಾಟ ಬಟ್ಟೆಯನ್ನು ಕಟ್ಟಿಗೆ ಚೌಕಟ್ಟಿಗೆ ಬಿಗಿದು, ಅಂಟು ಹಚ್ಚಿ, ಮೇಲೆ ಬಿಳಿ ಅಸ್ತರು ಕೊಟ್ಟು, ಸೊಂಟ ನೋಯುವತನಕ ಕೂತು ತೆಗೆದದ್ದು. ಕಾಕಾ ಅಂಗಡಿ ಬೋರ್ಡು, ಟ್ರ್ಯಾಕ್ಟರ್ ಟ್ರಾಲಿ, ಇಲೆಕ್ಷನ್ ಗೋಡೆ ಬರೆದು ಹೊಟ್ಟೆ ಹೊರೆದವರು. ಆರ್ಟ್ ಸ್ಕೂಲಿನ ಮುಖ ನೋಡಿದವರಲ್ಲ. ಬ್ಯಾಸಿಗಿ ಸೂಟಿಯಲ್ಲಿ ನಾನು ಅವರ ಹಿಂದೆ ಡಬ್ಬಿ ಹಿಡಿದು ಅಡ್ಡಾಡುತ್ತಿದ್ದೆ. ಈಗ ಆಫೀಸಿನಲ್ಲಿ ಟಪಾಲು, ಫೈಲು ಅಂತ ದಿನ ಹೋದರೂ ರವಿವಾರ ಎರಡು ತಾಸು ಕುಂಚ ಹಿಡೀತೀನಿ ಅಂದರೆ ಅದು ಅವರು ಹಚ್ಚಿದ ಚಟ.

ಎರಡನೇ ಮಾತು. ಆ ಮುಖ "ಕರ್ರಗ" ಕಾಣೋದಕ್ಕೆ ಎರಡು ಕಾರಣ ಇವೆ. ಒಂದು ನಮ್ಮ ತಪ್ಪು, ಇನ್ನೊಂದು ಕಾಕಾನ ಹಟ.

ನಮ್ಮ ತಪ್ಪು ಮೊದಲು ಹೇಳ್ತೀನಿ. ಆಯಿಲ್ ಕಲರಿಗೆ ಹಾಕುವುದು ಅಗಸಿ ಎಣ್ಣೆ, ನಾವು ಹಿಂಡಿ ಮಾಡಿಕೊಂಡು ತಿನ್ನುವ ಅದೇ ಅಗಸಿಯದ್ದು. ಅದು ನೀರಿನ ಹಾಗೆ ಆರಿ ಹೋಗೋದಿಲ್ಲ, ಗಾಳಿಯಲ್ಲಿನ ಆಕ್ಸಿಜನ್ ಹೀರಿಕೊಂಡು ಗಟ್ಟಿ ಪದರು ಆಗುತ್ತದೆ. ನಾವು ಏನು ಮಾಡಿದೆವು? ಪ್ರತಿ ವರ್ಷ ಜಯಂತಿ ಹಿಂದಿನ ದಿನ ಹಸಿ ಅರಿವೆಯಿಂದ ತಿಕ್ಕಿ, ಮೇಲೆ "ಹೊಳಪು ಬರಲಿ" ಅಂತ ಕೊಬ್ಬರಿ ಎಣ್ಣೆ ಸವರಿದೆವು. ಕೊಬ್ಬರಿ ಎಣ್ಣೆ ಎಂದಿಗೂ ಗಟ್ಟಿ ಆಗೋದಿಲ್ಲ, ಧೂಳು, ಊದಿನಕಡ್ಡಿ ಹೊಗೆ, ಮೇಣಬತ್ತಿ ಮಸಿ ಎಲ್ಲಾ ಹಿಡಿದುಕೊಂಡು ಕೂಡುತ್ತದೆ. ಹಸಿ ಹೂವಿನ ಮಾಲೆ ತಾಗಿದಲ್ಲಿ ಬಣ್ಣ ಉಬ್ಬಿದೆ. ಮಳೆಗಾಲದಲ್ಲಿ ಹಿಂದಿನ ಗೋಡೆ ಜಿನುಗುತ್ತದೆ, ಅದರ ಥಂಡಿ ನೇರ ಬಟ್ಟೆಗೆ. ಆಯಿಲ್ ಚಿತ್ರ ಇರುವ ಮಂದಿರದವರು ಇಷ್ಟು ಮಾಡ್ರಿ ಸಾಕು: ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಕಟ್ಟಿಗೆ ತುಂಡು ಹಚ್ಚಿ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುವಂತೆ ಬಿಡ್ರಿ, ಒಣ ಮೆತ್ತನೆ ಬ್ರಷ್‌ನಿಂದ ಧೂಳು ಹೊಡೀರಿ, ನೀರು ಎಣ್ಣೆ ಮುಟ್ಟಿಸಬ್ಯಾಡ್ರಿ, ಮಾಲೆ ಹಾಕುವುದಿದ್ದರೆ ಫ್ರೇಮಿನ ಹೊರಗೆ ಮೊಳೆ ಹೊಡೆದು ಅದಕ್ಕೆ ಹಾಕ್ರಿ.

ಇನ್ನು ಕಾಕಾನ ಹಟ. ಬಣ್ಣದ ಅಂಗಡಿಯಲ್ಲಿ 'ಫ್ಲೆಶ್ ಟಿಂಟ್' ಅಂತ ಒಂದು ಟ್ಯೂಬು ಸಿಗುತ್ತದೆ. ಫ್ಲೆಶ್ ಅಂದರೆ ಮೈ, ಮಾಂಸ. ಹಿಚುಕಿದರೆ ಬರುವುದು ತೆಳು ಗುಲಾಬಿ. ಯಾರ ಮೈ ಅದು? ನಿಮ್ಮದಾ, ನಂದಾ? ಅಮೆರಿಕದಲ್ಲಿ ಮಕ್ಕಳ ಕ್ರೇಯಾನ್ ಮಾಡುವ ಕ್ರೆಯೋಲಾ ಕಂಪನಿ ತನ್ನ 'ಫ್ಲೆಶ್' ಕಡ್ಡಿಯ ಹೆಸರನ್ನು 1962ರಲ್ಲೇ 'ಪೀಚ್' ಅಂತ ಬದಲಿಸಿತು. ನಾನು ಒಮ್ಮೆ ಹುರುಪಿನಲ್ಲಿ ಆ ಫ್ಲೆಶ್ ಟಿಂಟ್ ಟ್ಯೂಬು ಕೊಂಡು ತಂದೆ. ಕಾಕಾ ನನ್ನ ಕೈ ಹಿಡಿದು, ಮೊಣಕೈ ಮೇಲೆ ಒಂದು ಬೊಟ್ಟು ಹಚ್ಚಿ ಅಂದರು: "ನೋಡಪಾ ತಮ್ಮಾ, ಕೂಡತೈತೇನ? ನಮ್ಮ ಮಂದಿ ಬಣ್ಣ ಟ್ಯೂಬಿನಾಗ ಬರೂದಿಲ್ಲ, ನಾವ ಕಲಸಬೇಕು."

ಅವರು ಕಲಸುತ್ತಿದ್ದ ರೀತಿ ಬರೀತೀನಿ, ಚಿತ್ರ ತೆಗೆಯುವ ಹುಡುಗ ಹುಡುಗಿಯರಿಗೆ ಉಪಯೋಗ ಆಗುತ್ತದೆ. ಬುಡ ಬರ್ನ್ಟ್ ಸಿಯೆನ್ನಾ, ಅಂದರೆ ಸುಟ್ಟ ಕೆಮ್ಮಣ್ಣು. ಅದಕ್ಕೆ ಯೆಲ್ಲೋ ಓಕರ್. ನೆರಳಿಗೆ ಕಪ್ಪು ಟ್ಯೂಬು ಮುಟ್ಟುತ್ತಿರಲಿಲ್ಲ. ಬರ್ನ್ಟ್ ಅಂಬರಿಗೆ ಅಲ್ಟ್ರಾಮರೀನ್ ನೀಲಿ ಸೇರಿಸಿದರೆ ಕಪ್ಪಿಗಿಂತ ಆಳವಾದ, ಉಸಿರಾಡುವ ಕತ್ತಲು ಬರುತ್ತದೆ. ಬೆಳಕಿನ ಭಾಗಕ್ಕೆ ಎಲ್ಲರೂ ಬಿಳಿ ಸುರೀತಾರೆ, ಅಲ್ಲೇ ಕೆಡುವುದು. ಬಿಳಿ ಹೆಚ್ಚಾದರೆ ಕಂದು ಮೈ ಬೂದಿ ಬಳಿದುಕೊಂಡಂಗ ಕಾಣುತ್ತದೆ. ಓಕರ್, ಚೂರು ಕೆಂಪು, ಬಿಳಿ ಎಷ್ಟು ಬೇಕೋ ಅಷ್ಟೇ. ಇನ್ನೊಂದು ಗುಟ್ಟು: ಹಣೆಯ ಮೇಲೆ, ಮೂಗಿನ ತುದಿಯಲ್ಲಿ ಹೊಳೆಯುವ ಚುಕ್ಕೆ ಹಳದಿ ಅಲ್ಲ, ಸ್ವಲ್ಪ ನೀಲಿ. ಕಪ್ಪು ಚರ್ಮ ಕಿಟಕಿಯಿಂದ ಬರುವ ಆಕಾಶದ ಬೆಳಕನ್ನು ಚೆನ್ನಾಗಿ ತೋರಿಸುತ್ತದೆ. ಸಂಶಯ ಇದ್ದವರು ಮಧ್ಯಾಹ್ನ ಬಾಗಿಲ ಬಳಿ ಕುಂತ ನಿಮ್ಮ ಆಯಿಯ ಮುಖ ನೋಡ್ರಿ. ಮತ್ತೆ, ಮೊದಲ ಪದರಿಗೆ ಟರ್ಪೆಂಟೈನ್ ಹೆಚ್ಚು ಹಾಕಿ ತೆಳ್ಳಗೆ, ಮೇಲಿನ ಪದರಿಗೆ ಎಣ್ಣೆ ಹೆಚ್ಚು. ಇದು ಉಲ್ಟಾ ಆದರೆ ಕೆಳಗಿನದು ಆರುವ ಮೊದಲೇ ಮೇಲಿನದು ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಈ ಕಂದು ಬಣ್ಣದ ತಿಳುವಳಿಕೆ ನಮ್ಮವರಿಗೆ ಹೊಸದಾ? ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಸಮಗಾರ, ಢೋರ ಮನೆಗಳಲ್ಲಿ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ತೊಗಲು ಹದ ಮಾಡುತ್ತಾ ಬಂದವರಿಗೆ ಹಸಿ ಕಂದು, ಹದವಾದ ಕಂದು, ಎಣ್ಣೆ ಕುಡಿದ ಕಂದು ಅಂತ ಹತ್ತು ಛಾಯೆ ಕಣ್ಣಳತೆಯಲ್ಲೇ ಗೊತ್ತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಾಗ ನಮ್ಮ ಬೆಳಗಾವಿ ಜಿಲ್ಲೆಯ ಹೆಸರೂ ಅದರಲ್ಲಿ ಬಂತು. ಟ್ಯಾಗ್ ಚಪ್ಪಲಿಗೆ ಸಿಕ್ಕಿತು, ಆ ಕಣ್ಣಿಗೆ ಯಾರೂ ಕಲೆ ಅನ್ನಲಿಲ್ಲ. (ಚಪ್ಪಲಿ ಕೆಲಸಕ್ಕೇ ಅಂಟಿಕೊಂಡು ಇರ್ರಿ ಅಂತ ನಾನು ಹೇಳ್ತಾ ಇಲ್ಲ, ಕಮೆಂಟಿನಲ್ಲಿ ಜಗಳಕ್ಕೆ ಬರಬ್ಯಾಡ್ರಿ.)

ಬೆಳ್ಳಗಿದ್ದರೆ ದೇವರು, ಕರ್ರಗಿದ್ದರೆ ರಾಕ್ಷಸ, ಈ ಕಣ್ಣು ನಮಗೆ ಹುಟ್ಟಿನಿಂದ ಬಂದದ್ದಲ್ಲ, ಮಾಡಿಸಿದ್ದು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿ ತನ್ನ ಚಿತ್ರಗಳನ್ನು ಅಚ್ಚು ಹೊಡೆದ. ಆ ಬೆಳ್ಳನೆ ಲಕ್ಷ್ಮಿ ಸರಸ್ವತಿಯರು ಮನೆ ಮನೆ ಗೋಡೆ ಸೇರಿದರು, ಆಮೇಲೆ ಕ್ಯಾಲೆಂಡರ್‌ನವರು ಅದೇ ದಾರಿ ಹಿಡಿದರು. ಒಳ್ಳೆ ಪೇಂಟರ್ ಹೌದು, ನಾನು ಅಲ್ಲಗಳೆಯೋದಿಲ್ಲ. ಆದರೆ ನಮ್ಮ ಬಾಬಾಸಾಹೇಬರನ್ನೂ ಆ ಕ್ಯಾಲೆಂಡರಿನ ದೇವರ ಸಾಲಿಗೆ ನೂಕಿ ಬೆಳ್ಳಗೆ ತೊಳೆಯುವುದು ಯಾಕೆ? ಅಮೆರಿಕದ ಕಪ್ಪು ಪೇಂಟರ್ ಕೆರಿ ಜೇಮ್ಸ್ ಮಾರ್ಷಲ್ ಅಂತ ಇದ್ದಾರೆ, 1955ರಲ್ಲಿ ಹುಟ್ಟಿದವರು. ಅವರ ಚಿತ್ರದ ಮನುಷ್ಯರು ಕಂದೂ ಅಲ್ಲ, ಕಡುಗಪ್ಪು. ಐವರಿ ಬ್ಲ್ಯಾಕ್, ಕಾರ್ಬನ್ ಬ್ಲ್ಯಾಕ್, ಮಾರ್ಸ್ ಬ್ಲ್ಯಾಕ್, ಮೂರು ತರಹದ ಕಪ್ಪನ್ನು ಬೇರೆ ಬೇರೆ ಬಣ್ಣ ಬೆರೆಸಿ ಬಳಸುತ್ತಾರೆ. ಒಂದು ಕಪ್ಪಿನ ಪಕ್ಕ ಇನ್ನೊಂದು ಕಪ್ಪು ಬೆಳಗುತ್ತದೆ. ನಮ್ಮ ಕಾಕಾ ಕಪ್ಪು ಟ್ಯೂಬು ಬ್ಯಾಡ ಅಂದರು, ಅವರು ಕಪ್ಪೇ ಬೇಕು ಅಂದರು. ದಾರಿ ಬೇರೆ, ಸಿಟ್ಟು ಒಂದೇ.

ದಿಲ್ಲಿಯ ಪಾರ್ಲಿಮೆಂಟ್ ಸೆಂಟ್ರಲ್ ಹಾಲಿನಲ್ಲಿರುವ ಬಾಬಾಸಾಹೇಬರ ಚಿತ್ರ ತೆಗೆದವರು ಜೇಬಾ ಅಮ್ರೋಹವಿ ಅನ್ನುವ ಕಲಾವಿದೆ. ಅದನ್ನು ವಿ.ಪಿ. ಸಿಂಗ್ ಅನಾವರಣ ಮಾಡಿದ್ದು 1990ರ ಏಪ್ರಿಲ್ 12ರಂದು. ಸಂವಿಧಾನ ಬರೆದವರ ಚಿತ್ರ ಆ ಗೋಡೆ ಏರೋದಕ್ಕೆ ಅವರು ತೀರಿಕೊಂಡ ಮೇಲೆ 33 ವರ್ಷ ಹಿಡೀತು. ನಮ್ಮ ಕೇರಿಗಳಲ್ಲಿ ಅಷ್ಟು ದಿನ ಅವರನ್ನು ಗೋಡೆ ಮೇಲೆ ಉಳಿಸಿದವರು ಯಾರು? ಕಾಕಾನಂಥ ಬೋರ್ಡ್ ಪೇಂಟರ್‌ಗಳು. ಕೈಯಲ್ಲಿ ಇದ್ದದ್ದು ಕಪ್ಪು ಬಿಳುಪು ಫೋಟೋ. ಬಣ್ಣ ಯಾವುದು ಅಂತ ತೀರ್ಮಾನ ಮಾಡಬೇಕಾದವರು ಅವರೇ. ನಮ್ಮ ಕಾಕಾ ತನ್ನ ಅಪ್ಪನ ಮೈಬಣ್ಣ ನೋಡಿ ಹಾಕಿದೆ ಅಂತ ಹೇಳಿದ್ದರು. ಆ ಹುಡುಗ ಬದಲಿಸಬೇಕು ಅಂದದ್ದು ಆ ಬಣ್ಣವನ್ನು.

ನಾನು ಆಯಿಲ್ ಮೊದಲು ಕಲಿತೆ, ವಾಟರ್ ಕಲರಿಗೆ ಕೈ ಹಾಕಿದ್ದು ಮೂವತ್ತು ದಾಟಿದ ಮೇಲೆ. ಅದಕ್ಕೂ ಕಾರಣ ಐತಿ. ಸಾಲೆಯಲ್ಲಿ ಡ್ರಾಯಿಂಗ್ ಪಿರಿಯಡ್‌ಗೆ ಒಂದು ಬಕೆಟ್ ನೀರು ಇಡುತ್ತಿದ್ದರು. ಎಲ್ಲರೂ ಅದರಲ್ಲಿ ವಾಟಿ ಮುಳುಗಿಸಿ ಬ್ರಷ್ ತೊಳೆಯಲು ನೀರು ತಗೋಬೇಕು. ನಮ್ಮ ಕೇರಿಯ ಮೂವರಿಗೆ ಮಾತ್ರ "ನೀವು ಮನಿಯಿಂದ ಬಾಟ್ಲ್ಯಾಗ ತರ್ರಿ" ಅಂತ ಅಪ್ಪಣೆ. ಬೈಯಲಿಲ್ಲ, ಹೊಡೆಯಲಿಲ್ಲ, ಭಾಳ ಮೆತ್ತಗೆ ಹೇಳಿದರು. ಕುಡಿಯೋ ನೀರಲ್ಲ, ಬ್ರಷ್ ತೊಳೆಯೋ ನೀರು! ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಅರವತ್ತು ವರ್ಷದ ಮೇಲೆ ನಮ್ಮ ಸಾಲೆಯ ಬಕೆಟ್ ಹಂಗೇ ಇತ್ತು. ಅವತ್ತಿನಿಂದ ನನಗೆ ನೀರಿನ ಬಣ್ಣ ಅಂದರೆ ಬ್ಯಾಸರ. ಕಾಕಾನ ಡಬ್ಬಿಗೆ ನೀರು ಬೇಕಾಗಿರಲಿಲ್ಲ, ಎಣ್ಣೆ ಸಾಕಿತ್ತು.

ಆ ಬ್ಯಾಸರ ಬಿಡಿಸಿದ್ದು ಮೈಸೂರಿನ ಜಗನ್ಮೋಹನ ಅರಮನೆ. ಅಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆ, ನೋಡಿದವರು ಬಹಳ ಮಂದಿ. ರವಿವರ್ಮನದು, ಆಯಿಲ್ ಅಂತ ಜನ ಇವತ್ತಿಗೂ ತಿಳೀತಾರೆ. ಅಲ್ಲ, ಅದು ಸಾವಂತವಾಡಿಯ ಎಸ್.ಎಲ್. ಹಲ್ದಣಕರ್ ಅವರದು, ಅದೂ ವಾಟರ್ ಕಲರ್. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಆ ಗೀತಾ ಉಪಳೇಕರ್ ನಮ್ಮ ಪಕ್ಕದ ಕೊಲ್ಹಾಪುರದಲ್ಲೇ ಇದ್ದು 2018ರಲ್ಲಿ, 102ನೇ ವಯಸ್ಸಿಗೆ ತೀರಿಕೊಂಡರು. ಬೆರಳ ಸಂದಿಯಿಂದ ಬರುವ ಆ ಕೆಂಪು ಬೆಳಕು ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ವಾಟರ್ ಕಲರಿನಲ್ಲಿ ಬಿಳಿ ಬಣ್ಣ ಬಳಿಯೋದಲ್ಲ, ಕಾಗದದ ಬಿಳಿಯನ್ನು ಬಿಡೋದು. ತೆಳುವಾದ ಪದರಿನ ಮೇಲೆ ತೆಳುವಾದ ಪದರು, ತಿಳಿಯಿಂದ ಗಾಢಕ್ಕೆ. ಒಮ್ಮೆ ಗಾಢ ಆದದ್ದನ್ನು ಹಿಂದಕ್ಕೆ ತರೋದು ಕಷ್ಟ. ಕಂದು ಮೈಯನ್ನು ಹೀಗೆ ಕಟ್ಟಿದರೆ ಒಳಗಿನ ಕಾಗದದ ಬೆಳಕು ಬಣ್ಣದಿಂದ ಹಾಯ್ದು ಹೊರಗೆ ಬರುತ್ತದೆ, ಮುಖಕ್ಕೆ ಒಳಗಿನಿಂದಲೇ ಕಾವು ಬಂದಂಗ. ಆಯಿಲ್‌ನಲ್ಲಿ ಇದನ್ನು ಸಾಧಿಸೋದಕ್ಕೆ ಬಹಳ ಒದ್ದಾಡಬೇಕು.

ಕೊಲ್ಹಾಪುರದ ಆಬಾಲಾಲ್ ರಹಮಾನ್ ಹೆಸರು ಕೇಳಿರದವರು ಕೇಳ್ರಿ. ಕುರಾನ್ ಬರೆದು ನಕಲು ಮಾಡುತ್ತಿದ್ದ ಮನೆತನದವರು. ಶಾಹೂ ಮಹಾರಾಜರು ಅವರನ್ನು ಆಸ್ಥಾನದ ಚಿತ್ರಕಾರ ಮಾಡಿಕೊಂಡರು. ಕೋಟಿತೀರ್ಥ ಕೆರೆಯನ್ನು ಮತ್ತೆ ಮತ್ತೆ ತೆಗೆದವರು. 1931ರಲ್ಲಿ ತೀರಿಕೊಂಡರು. ಬಾಬುರಾವ್ ಪೇಂಟರ್ ಬಡಿಗೇರ ಮನೆಯವರು, ನಾಟಕದ ಪರದೆ ಬರೆದು ಕೈ ಪಳಗಿಸಿ ಮುಂದೆ ಸಿನಿಮಾ ಮಾಡಿದವರು. ಅಂದರೆ ನಮ್ಮ ಗಡಿಯ ಈ ಕಡೆ ಆ ಕಡೆ ಚಿತ್ರಕಲೆ ಬರೀ ಮೇಲಿನ ಓಣಿಯ ಹವ್ಯಾಸ ಆಗಿರಲಿಲ್ಲ. ನಮ್ಮ ಕೇರಿಯ ಮಕ್ಕಳಿಗೆ ಮಾತ್ರ ಅದು "ಹೊಟ್ಟಿಗೆ ಹಿಟ್ಟಿಲ್ಲ, ಚಿತ್ರ ತಗೀತಾನಂತ" ಆಯಿತು. ಇದನ್ನು ಹೇಳುವವರು ಹೊರಗಿನವರಲ್ಲ, ನಾವೇ. ಸ್ವತಃ ಬಾಬಾಸಾಹೇಬರೇ ಕೊನೆಗಾಲದಲ್ಲಿ ಚಿತ್ರ ಕಲಿಯಲು ಕುಂತವರು, ಕಣ್ಣು ತೆರೆದ ಬುದ್ಧನ ಚಿತ್ರ ತೆಗೆದವರು. ಮೈತುಂಬ ಕೆಲಸ, ರೋಗ ಇದ್ದ ಮನುಷ್ಯನಿಗೆ ಪುರಸೊತ್ತು ಸಿಕ್ಕಿತು, ನಮ್ಮ ಹುಡುಗರಿಗೆ ಸಿಗೂದಿಲ್ಲಾ?

ಫ್ಲೆಕ್ಸ್ ಸೋವಿ ಅನ್ನೋದು ಒಪ್ಪುತೀನಿ. ಬಿಸಿಲಿಗೆ ಬಣ್ಣ ಹಾರಿ ಮುಂದಿನ ಜಯಂತಿಗೆ ಅದೇ ಬಾಬಾಸಾಹೇಬರ ಮುಖ ಯಾರದೋ ಎಮ್ಮೆ ಕೊಟ್ಟಿಗೆಯ ಮರೆಗೆ ಕಟ್ಟಿರುತ್ತದೆ ಅನ್ನೋದೂ ಎಲ್ಲರೂ ನೋಡಿದ್ದೇ. ಡಿಜೆಗೆ ಒಂದು ರಾತ್ರಿಗೆ ಕೊಡುವ ರೊಕ್ಕದಲ್ಲಿ ನಾಲ್ಕು ಮಕ್ಕಳಿಗೆ ಒಂದು ವರ್ಷದ ಬಣ್ಣ, ಬ್ರಷ್, ದಪ್ಪ ಕಾಗದ ಬರುತ್ತದೆ, ಡ್ರಾಯಿಂಗ್ ಲೋವರ್ ಹೈಯರ್ ಪರೀಕ್ಷೆಯ ಫೀ ಕೂಡ. ಕಾಗವಾಡ, ಅಥಣಿ, ರಾಯಬಾಗ ಕಡೆಯ ಕಮಿಟಿಯವರೂ ಯೋಚನೆ ಮಾಡ್ರಿ. ನಿಮ್ಮೂರಲ್ಲೂ ಕೆಲಸ ಇಲ್ಲದೆ ಕುಂತ ಬೋರ್ಡ್ ಪೇಂಟರ್ ಒಬ್ಬರಾದರೂ ಇದ್ದಾರೆ.

ಒಂದು ವಿಷಯ ಕೊಡ್ತೀನಿ, ತೆಗೆಯುವವರು ತೆಗೀರಿ. 1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರು ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಆಗ ಅವರಿಗೆ 34 ತುಂಬುವ ಹೊತ್ತು. ಕೇರಿಯ ಗೋಡೆ ಮೇಲೆ ನಾವು ನೋಡುವುದು ಯಾವಾಗಲೂ ವಯಸ್ಸಾದ ಮುಖ. ನಿಪ್ಪಾಣಿಯ ಬಿಸಿಲಿನಲ್ಲಿ ಆ ಹರೆಯದ ಮುಖ ಹೆಂಗಿತ್ತು? ನಾನು ವಾಟರ್ ಕಲರಿನಲ್ಲಿ ಮೂರು ಸಲ ಪ್ರಯತ್ನ ಮಾಡಿದೆ, ಮೂರೂ ಕೆಟ್ಟವು. ಬಿಸಿಲು ಬಂತು, ಮುಖ ಬರಲಿಲ್ಲ.

ಮೀಟಿಂಗಿನಲ್ಲಿ ಇಷ್ಟೆಲ್ಲಾ ಹೇಳೋದಕ್ಕೆ ಆಗಲಿಲ್ಲ, ಅರ್ಧ ಹೇಳಿದೆ. ಕಡೆಗೆ ಪ್ರಿಂಟ್ ಹೊರಗಿನ ಕಮಾನಿಗೆ, ಕಾಕಾನ ಚಿತ್ರ ಒಳಗೇ ಇರಲಿ ಅಂತ ಆಯಿತು. ಪ್ರಿಂಟಿನ ಗುಲಾಬಿ ಗಲ್ಲ ತೆಗೆಸುತ್ತಾರೋ ಇಲ್ಲವೋ, ಅದಿನ್ನೂ ತಕರಾರಿನಲ್ಲಿದೆ. ಬರುವ ರವಿವಾರ ಮುಂಜಾನೆ ಒಂಬತ್ತಕ್ಕೆ ಚಿತ್ರ ಕೆಳಗಿಳಿಸಿ ಧೂಳು ತೆಗೆದು ಹಿಂದೆ ಕಟ್ಟಿಗೆ ತುಂಡು ಹಚ್ಚುವವರಿದ್ದೇವೆ. ಮಧ್ಯಾಹ್ನ ಮಕ್ಕಳಿಗೆ ಕಂದು ಬಣ್ಣ ಕಲಸೋದು ತೋರಿಸ್ತೀನಿ. ಆ ಹುಡುಗನೂ ಬರ್ತೀನಿ ಅಂದಾನ. ಬರುವವರು ಹಳೇ ಅಂಗಿ ಹಾಕಿಕೊಂಡು ಬರ್ರಿ, ಆಯಿಲ್ ಕಲರ್ ಕಲೆ ಹೋಗಂಗಿಲ್ಲ. ನೀರಿನ ಬಕೆಟ್ ಒಂದೇ ಇರತೈತಿ, ಎಲ್ಲರೂ ಅದರಾಗ ಅದ್ದೂದು.

ಜೈ ಭೀಮ್.