ನೀರು ಹೊತ್ತವರನ್ನ ಕೇಳ್ರಿ

ಮಗಳ ಬಾಣಂತನಕ್ಕಂತ ಐರ್ಲೆಂಡಿಗೆ ಬಂದು ಮೂರು ತಿಂಗಳಾತು. ನಾವಿರೋದು ವೆಕ್ಸ್‌ಫರ್ಡ್ ಕೌಂಟಿಯೊಳಗಿನ ಒಂದು ಸಣ್ಣ ಹಳ್ಳಿ. ಒಂದು ಚರ್ಚು, ಒಂದು ಸಾಲಿ, ಒಂದು ಪಬ್ಬು, ಒಂದು ಆಟದ ಬಯಲು, ಮುಗೀತು ಊರು. ಫೋಟೋ ಕಳಿಸಿದ್ರ ನೀವೆಲ್ಲಾ, "ಎಷ್ಟು ಛಂದ ಅದರೀ, ಹಿಂದಿನ ಕಾಲದಾಗ ಇನ್ನೂ ಎಷ್ಟು ಛಂದ ಇತ್ತೋ ಏನೋ" ಅಂತೀರಿ. ನಾನೂ ಹಂಗ ತಿಳಕೊಂಡಿದ್ದೆ.

ಎದುರು ಮನಿ ಅಜ್ಜಿ ಒಂದಿನ ಚಹಾಕ್ಕ ಕರದ್ರು. ನಿಮ್ಮ ಸಣ್ಣಂದಿನಾಗ ಊರು ಹೆಂಗಿತ್ತು ಅಂತ ಮಗಳ ಕಡಿಂದ ಕೇಳಿಸಿದೆ. ಅಜ್ಜಿ ಹಾಡು, ಕುಣಿತ ಏನೂ ಹೇಳಲಿಲ್ಲ. ಎರಡೂ ಕೈಯಾಗ ಬಕೆಟ್ ಹಿಡದಂಗ ಮಾಡಿ ತೋರಿಸಿದ್ರು. ಸಾಲಿಗೆ ಹೋಗೋಕಿಂತ ಮೊದಲ ಬಾವಿಯಿಂದ ನೀರು ತರಬೇಕು, ಅರಿವಿ ಒಗಿಯೋ ದಿನ ಎಷ್ಟು ಸಲ ಅಂತ ಲೆಕ್ಕನ ಇಲ್ಲ. ನಂಗ ನಮ್ಮವ್ವನ ನಡಾ ನೆನಪಾತು.

ಆಗಿನ ಊರಾಗ ಒಗ್ಗಟ್ಟು ಇತ್ತು ಅನ್ನೋದು ಸುಳ್ಳಲ್ಲ. ಸುಗ್ಗಿಗೆ ಒಬ್ಬರ ಹೊಲ ಆದಮ್ಯಾಲೆ ಇನ್ನೊಬ್ಬರ ಹೊಲಕ್ಕ ಎಲ್ಲಾರೂ ಹೋಗ್ತಿದ್ರು. ನಮ್ಮ ಮುಯ್ಯಾಳು ಇದ್ದಂಗ. ಅದಕ್ಕ ಅವರ ಐರಿಷ್ ಭಾಷಾದಾಗ 'ಮೆಹಲ್' ಅಂತಾರ. ಆದ್ರ ಮನಿಗೆ ನೀರು ತರೋದಕ್ಕ ಮುಯ್ಯಾಳು ಎಲ್ಲಿಂದ ಬರಬೇಕು? ಅದು ಹೆಣ್ಮಕ್ಕಳ ಕೆಲಸ, ಅವರವರ ಹಣೆಬರಹ.

ಇದ ಕೌಂಟಿಯ ಬ್ರೀ ಅನ್ನೋ ಊರಾಗ 1910ರಾಗ ಅನಿಟಾ ಲೆಟ್ ಅನ್ನೋರು ಹಳ್ಳಿ ಹೆಣ್ಮಕ್ಕಳನ್ನ ಕೂಡಿಸಿ 'ಯುನೈಟೆಡ್ ಐರಿಷ್‌ವಿಮೆನ್' ಅಂತ ಸಂಘ ಶುರು ಮಾಡಿದ್ರು. 1935ರಾಗ ಅದಕ್ಕ 'ಐರಿಷ್ ಕಂಟ್ರಿವಿಮೆನ್ಸ್ ಅಸೋಸಿಯೇಷನ್' ಅಂತ ಹೆಸರಾತು. ಹೊರಗಿಂದ ನೋಡಿದ್ರ ಹೆಣಿಗಿ, ಅಡಿಗಿ, ಚಹಾ, ಮಾತು. 1946ರಿಂದ ಹಳ್ಳಿಗಳಿಗೆ ಕರೆಂಟು ಬರಲಿಕ್ಕೆ ಹತ್ತಿತು, ಪಂಪು ಹಾಕೋದು ಸಾಧ್ಯ ಆತು. ಆದ್ರೂ 1960ರ ಹೊತ್ತಿಗೆ ಎಷ್ಟೋ ಹಳ್ಳಿಮನ್ಯಾಗ ನಳ ಇರಲಿಲ್ಲ. ನಳ ಬಂದ್ರ ಕರ ಏರ್ತದ ಅಂತ ರೈತರ ಸಂಘದವರು ತಕರಾರು ತಗದ್ರು. ಈ ಹೆಣ್ಮಕ್ಕಳು ಮಾತ್ರ ನೀರು ಬೇಕ ಬೇಕು ಅಂತ ಪಟ್ಟು ಹಿಡದ್ರು. ಎಷ್ಟೋ ಕಡೆ ನೆರೆಹೊರಿಯವರು ಕೂಡಿ ವಂತಿಗಿ ಹಾಕಿ, ಸರಕಾರದ ಅನುದಾನ ತಗೊಂಡು, ತಾವ ತಗ್ಗು ತೋಡಿ ಪೈಪು ಹಾಕ್ಕೊಂಡ್ರು. ಅಂಥ ನೀರಿನ ಸಂಘಗಳು ಇವತ್ತಿಗೂ ನಡದಾವ.

ನನಗ ಅನಸೋದು ಇಷ್ಟ. ಊರಿನ ಒಗ್ಗಟ್ಟು ಎಷ್ಟದ ಅಂತ ಜಾತ್ರಿ, ಹಬ್ಬದಾಗ ನೋಡಬಾರದು. ದಿನಾ ಒಬ್ಬರ ಮೈಮ್ಯಾಲೆ ಬೀಳೋ ಭಾರಕ್ಕ ಎಷ್ಟು ಮಂದಿ ಕೈ ಹಚ್ಚತಾರ, ಅದರಾಗ ನೋಡಬೇಕು. ಹಿಂದಿನ ಕಾಲ ಛಲೋ ಇತ್ತು ಅನ್ನೋರು ಭಾಳ ಸಲ ನೀರು ಹೊತ್ತವರಲ್ಲ, ಕುಡದವರು.

ನಾವೂ ವಾರಕ್ಕೊಮ್ಮೆ ಭಜನಿಗೆ ಕೂಡ್ತೀವಿ. ಕೂಡೋದು ಛಲೋನ. ಮುಗದಮ್ಯಾಲೆ ಚುರಮುರಿ ತಿನ್ನೋ ಮುಂದ, ಈ ಓಣ್ಯಾಗ ಯಾರಿಗೆ ಏನು ಭಾರ ಆಗೇದ ಅಂತ ಹತ್ತು ನಿಮಿಷ ಮಾತಾಡಿದ್ರ ದೇವರೇನು ಸಿಟ್ಟಾಗೂದಿಲ್ಲ. ಓಣಿ ತುದಿಗೆ ಬೋರು ಕೆಟ್ಟು ಎರಡು ವರ್ಷಾತು. ಅಲ್ಲಿ ಮೂರು ಮನಿಯವರು ಇನ್ನೂ ಕೊಡ ಹೊರ್ತಾರ. ನಮ್ಮ ಮನಿ ಮುಂದ ಹಾಸೇ ಹೋಗ್ತಾರ, ನಾನೂ ನೋಡಿ ಸುಮ್ಮನಿದ್ದಾಕಿನ.

ಮುಂದಿನ ತಿಂಗಳು ಬರ್ತೀನಿ. ಬಂದ ವಾರನ ಆ ಬೋರಿನ ಮಾತು ಎತ್ತತೀನಿ. ಅಷ್ಟರಾಗ ನೀವೂ ವಿಚಾರ ಮಾಡಿ ಇಟಗೋರಿ.