‘ಪಾಲು’ ಬರೆದದ್ದು ತಪ್ಪೇ?

ಬೋಧನಾಭ್ಯಾಸದ ಎರಡನೇ ವಾರ. ದೇವನಹಳ್ಳಿ ತಾಲ್ಲೂಕಿನ ಶಾಲೆಯೊಂದರಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ‘ಅಮ್ಮ ಪಾಲು ಕಾಯಿಸಿದಳು’ ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಗೀಟು ಹಾಕಿ, ‘ಪಾಲು ಅಂದರೆ ಭಾಗ ಕಣಮ್ಮ, ಹಾಲು ಅನ್ನಬೇಕು’ ಎಂದೆ. ತರಗತಿಯೆಲ್ಲ ನಕ್ಕಿತು. ಮರುದಿನದಿಂದ ಅವಳು ಕೈ ಎತ್ತಲಿಲ್ಲ.

ಅವಳ ಮನೆಮಾತು ತೆಲುಗು. ತೆಲುಗಿನಲ್ಲಿ ಹಾಲಿಗೂ ಭಾಗಕ್ಕೂ ‘ಪಾಲು’ ಎಂದೇ ಹೇಳುತ್ತಾರೆ. ತಮಿಳು, ಮಲಯಾಳದಲ್ಲಿ ಹಾಲು ‘ಪಾಲ್’. ಹಳಗನ್ನಡದಲ್ಲೂ ಅದು ‘ಪಾಲ್’ ಆಗಿತ್ತು. ಪದದ ಮೊದಲಿನ ಪಕಾರ ಹಕಾರವಾಗತೊಡಗಿದ್ದು ಸುಮಾರು 10ನೇ ಶತಮಾನದಿಂದೀಚೆಗೆ. ‘ಪಳ್ಳಿ’ ಹಳ್ಳಿಯಾದದ್ದೂ ಹೀಗೆಯೇ. ದೇವನಹಳ್ಳಿಯ ಹೆಸರಿನಲ್ಲೇ ಆ ಬದಲಾವಣೆ ಕೂತಿದೆ. ಉರ್ದು ಮನೆಮಾತಿನ ಮಕ್ಕಳ ‘ದೂಧ್’ ಮಾತ್ರ ಬೇರೆ ಮೂಲದ್ದು. ಅದು ಸಂಸ್ಕೃತದ ‘ದುಗ್ಧ’ದಿಂದ ಬಂದದ್ದು.

ಕನ್ನಡದ ಬರವಣಿಗೆಯಲ್ಲಿ ‘ಹಾಲು’ ಎಂದೇ ಬರೆಯಬೇಕು, ಎರಡು ಮಾತಿಲ್ಲ. ಆದರೆ ಗೀಟು ಹಾಕುವ ಮೊದಲು ‘ನಿಮ್ಮನೇಲಿ ಏನಂತೀರಿ?’ ಎಂದು ಕೇಳಬೇಕಿತ್ತು. ಅವಳು ಬರೆದದ್ದು ಅಜ್ಞಾನವಲ್ಲ, ಇನ್ನೊಂದು ಭಾಷೆಯ ಜ್ಞಾನ.

ಕೊನೆಯ ವಾರ ಕಪ್ಪುಹಲಗೆಯ ಮೇಲೆ ಪಾಲು–ಹಾಲು, ಪುಲಿ–ಹುಲಿ, ಪಾಮು–ಹಾವು ಎಂದು ಬರೆದು, ‘ಪುವ್ವು ಏನಾಗುತ್ತೆ?’ ಎಂದು ಕೇಳಿದೆ. ‘ಹೂವು, ಮಿಸ್’ ಎಂದು ಮೊದಲು ಹೇಳಿದವಳು ಅವಳೇ.

ಗಡಿಗೆ ಹತ್ತಿರವಿರುವ ನಮ್ಮ ತಾಲ್ಲೂಕುಗಳಲ್ಲಿ ಇಂಥ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗಬಹುದು. ನಮ್ಮ ಪಾಠಯೋಜನೆಯ ನಮೂನೆಯಲ್ಲಿ ‘ಮಕ್ಕಳ ಮನೆಮಾತು’ ಎಂಬ ಒಂದು ಕಾಲಂ ಸೇರಲಿ ಎಂಬುದು ನನ್ನ ಕೋರಿಕೆ.